ಮುಟ್ಟು ನಿಲ್ಲುವ ಮೊದಲೇ ಎಲುಬಿನ ಕಡೆ ಗಮನ ಕೊಡಿ

ಅಕ್ಕಂದಿರೇ, ಮುಟ್ಟು ನಿಂತ ಮೇಲೆ ಎಲುಬು ಸವೆಯುವುದು ಜೋರಾಗುತ್ತದೆ. ಎಲುಬಿನ ಗಟ್ಟಿತನ ಹೆಚ್ಚುಕಡಿಮೆ 30ರ ಹೊತ್ತಿಗೇ ಪೂರ್ತಿ ಬಂದಿರುತ್ತದೆ. ಆಮೇಲೆ ಇದ್ದದ್ದನ್ನು ಉಳಿಸಿಕೊಳ್ಳುವ ಲೆಕ್ಕ.

ನಮ್ಮ ಹುಬ್ಬಳ್ಳಿ-ಧಾರವಾಡ ಕಡೆ ಎರಡು ಹೊತ್ತೂ ಜೋಳದ ರೊಟ್ಟಿ. ಒಳ್ಳೆಯದೇ, ಆದರೆ ಜೋಳದಲ್ಲಿ ಕ್ಯಾಲ್ಸಿಯಂ ತೀರಾ ಕಡಿಮೆ. ನಮಗೆ ದಿನಕ್ಕೆ ಬೇಕಾದದ್ದು ಸುಮಾರು 1000 ಮಿಲಿಗ್ರಾಂ. ರೊಟ್ಟಿ ಬಿಡಬೇಡಿ, ಜೊತೆಗೆ ಏನು ಬಡಿಸಿಕೊಳ್ಳುತ್ತೀರಿ ನೋಡಿ. ಒಂದು ಬಟ್ಟಲು ಗಟ್ಟಿ ಮೊಸರು, ಅದರ ಮೇಲೆ ಗುರೆಳ್ಳು ಚಟ್ನಿಪುಡಿ ಇರಲಿ. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ ಭೋಗಿಗೆ ಮಾತ್ರ ಯಾಕೆ? 100 ಗ್ರಾಂ ಎಳ್ಳಿನಲ್ಲಿ 1000 ಮಿಲಿಗ್ರಾಂಗೂ ಜಾಸ್ತಿ ಕ್ಯಾಲ್ಸಿಯಂ ಇದೆ. ಅಷ್ಟು ಯಾರೂ ತಿನ್ನುವುದಿಲ್ಲ ಬಿಡಿ, ಎರಡು ಚಮಚ ಹೊಟ್ಟೆಗೆ ಹೋದರೂ ಲಾಭವೇ. ಚಹಾಕ್ಕೆ ಹಾಕಿದ ಹಾಲನ್ನು ಮಾತ್ರ ಲೆಕ್ಕಕ್ಕೆ ಹಿಡಿಯಬೇಡಿ!

ಮನೆಗೆಲಸವೇ ಸಾಕು ಅಂತೀವಿ, ಅಲ್ವಾ? ಸಾಲದು. ಎಲುಬಿಗೆ ಮೈಭಾರ ಬೀಳಬೇಕು. ನೃಪತುಂಗ ಬೆಟ್ಟ ಹತ್ತಿ, ಇಲ್ಲವೇ ಉಣಕಲ್ ಕೆರೆ ಹತ್ತಿರ ಬಿರುಸಾಗಿ ನಡೆಯಿರಿ. ಸಂಡಿಗೆ ಒಣಹಾಕುವ ನೆಪದಲ್ಲಾದರೂ ಮಾಳಿಗೆಗೆ ಹೋಗಿ, ತೋಳಿಗೆ ಸ್ವಲ್ಪ ಬಿಸಿಲು ಬೀಳಲಿ. ವಿಟಮಿನ್ ಡಿ ಇಲ್ಲದೆ ಕ್ಯಾಲ್ಸಿಯಂ ಮೈಗೆ ಹತ್ತುವುದಿಲ್ಲ.

ತಂಬಾಕು ಬೇಡವೇ ಬೇಡ. ತೂಕ ಇಳಿಸಲು ಊಟ ಬಿಟ್ಟು ಮುಟ್ಟು ತಿಂಗಳುಗಟ್ಟಲೆ ತಪ್ಪುತ್ತಿದ್ದರೆ ಸುಮ್ನೆ ಕೂರಬೇಡಿ, ಡಾಕ್ಟರಿಗೆ ತೋರಿಸಿ. ಕ್ಯಾಲ್ಸಿಯಂ ಗುಳಿಗೆಯೂ ಅವರನ್ನು ಕೇಳಿಯೇ. ರಕ್ತ ಕಡಿಮೆ ಅಂತ ಕಬ್ಬಿಣದ ಗುಳಿಗೆಯೂ ನಡೆದಿದ್ದರೆ ಎರಡನ್ನೂ ಒಟ್ಟಿಗೆ ನುಂಗಬೇಡಿ, ನಡುವೆ ಒಂದೆರಡು ತಾಸು ಬಿಡಿ.