ಸುಮ್ನೆ ಇಟ್ಟ ಇಯರ್‌ಬಡ್‌ನ ಚಾರ್ಜ್ ಎಲ್ಲಿಗೆ ಹೋಗುತ್ತದೆ?

ಮಲಗುವ ಮೊದಲು ಕೇಸ್‌ನ ಮುಚ್ಚಳ ತೆಗೆದು ನೋಡಿದರೆ ಎರಡೂ ಬಡ್ 100. ಬೆಳಿಗ್ಗೆ ನೋಡಿದರೆ ಎಡಗಡೆಯದು 100, ಬಲಗಡೆಯದು 60. ಯಾರೂ ಹಾಡು ಕೇಳಿಲ್ಲ, ಯಾರೂ ಮುಟ್ಟಿಲ್ಲ. ಅಂಗಡಿಯಲ್ಲಿ ತೋರಿಸಿದರೆ ಕೈಗೂ ತೆಗೆದುಕೊಳ್ಳದೆ, "ಬ್ಯಾಟರಿ ಹೋಗಿದೆ ಸರ್, ಹೊಸ ಸೆಟ್ ತಗೊಳ್ಳಿ" ಎಂದರು. ಎರಡೂ ಬಡ್ ಒಂದೇ ದಿನ ಕೊಂಡದ್ದು, ಒಟ್ಟಿಗೇ ಬಳಸಿದ್ದು. ಒಂದರ ಬ್ಯಾಟರಿ ಮಾತ್ರ ಯಾಕೆ ಹೋಗಬೇಕು? ಮನೆಗೆ ಬಂದು ನಾನೇ ಕೂತೆ.

ಮೊದಲು ಸ್ವಲ್ಪ ಲೆಕ್ಕ ಹಾಕಿದೆ. ಲಿಥಿಯಂ ಬ್ಯಾಟರಿ ಸುಮ್ಮನಿದ್ದರೂ ಸ್ವಲ್ಪ ಇಳಿಯುತ್ತದೆ ನಿಜ. ಆದರೆ ಅದು ತಿಂಗಳಿಗೆ ಶೇಕಡಾ ಎರಡು ಮೂರು, ಅಷ್ಟೇ. ಒಂದು ರಾತ್ರಿಗೆ ಶೇಕಡಾ 40 ಅಲ್ಲ. ನನ್ನ ಬಡ್‌ನ ಬ್ಯಾಟರಿ 40 ಎಂಎಎಚ್‌ನದು, ಅಂದರೆ 40 ಮಿಲಿಆಂಪ್ ಎಳೆದರೆ ಒಂದು ಗಂಟೆ ಬರುವಷ್ಟು. ಅದರಲ್ಲಿ ಶೇಕಡಾ 40 ಅಂದರೆ 16 ಎಂಎಎಚ್. ಎಂಟು ಗಂಟೆಗೆ ಹಂಚಿದರೆ ಗಂಟೆಗೆ 2. ಅಂದರೆ ಬಡ್ ರಾತ್ರಿಯಿಡೀ 2 ಮಿಲಿಆಂಪ್ ಎಳೆಯುತ್ತಿದೆ. ಆರು ಗಂಟೆ ಹಾಡು ನುಡಿಸುವ ಬಡ್ ಹಾಡುವಾಗ ಸುಮಾರು 6–7 ಮಿಲಿಆಂಪ್ ಎಳೆಯುತ್ತದೆ. 2 ಅಂದರೆ ಬ್ಲೂಟೂತ್ ಕನೆಕ್ಟ್ ಆಗಿದ್ದು, ಹಾಡಿಲ್ಲದೆ ಸುಮ್ಮನಿರುವಾಗಿನ ಖರ್ಚಿನ ಆಸುಪಾಸು. ಹಾಗಾದರೆ ಬ್ಯಾಟರಿ ಸೋರುತ್ತಿಲ್ಲ. ಬಡ್ ನಿದ್ದೆ ಮಾಡುತ್ತಿಲ್ಲ!

ಇನ್ನೊಂದು ಸುಳಿವೂ ಇತ್ತು. ಕೆಲವು ರಾತ್ರಿ ಒಂದು ಪರ್ಸೆಂಟೂ ಇಳಿಯುತ್ತಿರಲಿಲ್ಲ. ಹಾಳಾದ ಬ್ಯಾಟರಿಯಾಗಿದ್ದರೆ ದಿನಾ ಹಾಳಾಗೇ ಇರಬೇಕಲ್ವಾ?

ಅನುಮಾನ ಪಡಬೇಕಾದದ್ದು ಮೂವರ ಮೇಲೆ: ಬಡ್, ಕೇಸ್, ಫೋನ್. ಮೂವರನ್ನೂ ಬೇರೆ ಬೇರೆ ಮಾಡಿ ನೋಡಬೇಕು. ಬಡ್ ಪೂರ್ತಿ ಚಾರ್ಜ್ ಮಾಡಿ, ಕೇಸ್‌ನಿಂದ ಹೊರಗೆ ತೆಗೆದು, ಆಫ್ ಮಾಡಿ, ಫೋನಿನ ಬ್ಲೂಟೂತನ್ನೂ ಆರಿಸಿ ಮೇಜಿನ ಮೇಲಿಟ್ಟೆ. ಕೆಲವು ಬಡ್ ಒತ್ತಿ ಹಿಡಿದರೆ ಆಫ್ ಆಗುತ್ತವೆ. ಕೆಲವು ಯಾವ ಫೋನೂ ಸಿಗದಿದ್ದರೆ ಕೆಲವೇ ನಿಮಿಷದಲ್ಲಿ ತಾವೇ ಆರುತ್ತವೆ. ಬೆಳಿಗ್ಗೆ ಬಲಗಡೆಯದೂ 100 ತೋರಿಸಿತು. ಬ್ಯಾಟರಿಯ ಮೇಲಿನ ಆರೋಪ ಅಲ್ಲಿಗೆ ಮುಗಿಯಿತು. (ಹಲವು ಬಡ್‌ಗಳು ಫೋನಿಗೆ ಹತ್ತು ಹತ್ತರ ಲೆಕ್ಕದಲ್ಲೇ ಚಾರ್ಜ್ ಹೇಳುತ್ತವೆ. 100 ಹೋಗಿ 90 ಆದರೆ ಗಾಬರಿ ಬೇಡ, ಇಳಿದದ್ದು ಒಂದೇ ಪರ್ಸೆಂಟ್ ಇರಬಹುದು.)

ಮರುದಿನ ಎರಡನ್ನೂ ಕೇಸ್‌ಗೆ ಹಾಕಿ ಮುಚ್ಚಿ, ಫೋನಿನ ಬ್ಲೂಟೂತ್ ಪಟ್ಟಿ ತೆರೆದಿಟ್ಟುಕೊಂಡೆ. ಕೇಸನ್ನು ಮೆಲ್ಲಗೆ ಅಲುಗಿಸಿದ್ದೇ ತಡ, "ಕನೆಕ್ಟೆಡ್" ಅಂತ ಬಂತು. ಮುಚ್ಚಿದ ಕೇಸ್‌ನೊಳಗಿಂದ! ಹಿಂದಿನ ವಾರ ಹೆಂಡತಿ, "ಫೋನ್ ಎತ್ತುತ್ತೀರಿ, ಮಾತೇ ಆಡೋದಿಲ್ಲ" ಎಂದು ರೇಗಿದ್ದರ ಅರ್ಥ ಆಗ ಹೊಳೆಯಿತು. ನನ್ನ ಮಾತು ಹೋಗಬೇಕಾದ ಮೈಕ್ ಬ್ಯಾಗಿನೊಳಗೆ ಮುಚ್ಚಿದ ಡಬ್ಬಿಯಲ್ಲಿತ್ತು.

ತಾನು ಕೇಸ್‌ನಲ್ಲಿದ್ದೇನೆ ಎಂದು ಬಡ್‌ಗೆ ಹೇಗೆ ಗೊತ್ತಾಗುತ್ತದೆ? ಹೆಚ್ಚಿನವುಗಳಲ್ಲಿ ಚಾರ್ಜ್ ಆಗುವ ಆ ಪುಟ್ಟ ಪಿನ್‌ಗಳ ಮೂಲಕವೇ. ಪಿನ್‌ನಲ್ಲಿ ವೋಲ್ಟೇಜ್ ಕಂಡರೆ ಬಡ್ ರೇಡಿಯೊ ಆರಿಸಿ ಮಲಗುತ್ತದೆ. ಸಂಪರ್ಕ ತಪ್ಪಿದರೆ, "ಯಾರೋ ನನ್ನನ್ನು ಹೊರಗೆ ತೆಗೆದರು" ಎಂದುಕೊಂಡು ಎದ್ದು ಫೋನ್ ಹುಡುಕುತ್ತದೆ. ಎದ್ದದ್ದು ಮತ್ತೆ ಚಾರ್ಜೂ ಆಗುವುದಿಲ್ಲ, ಯಾಕೆಂದರೆ ಚಾರ್ಜ್ ಬರಬೇಕಾದದ್ದೂ ಅದೇ ಪಿನ್‌ನಿಂದ. ಕೇಸೇ ಪೂರ್ತಿ ಖಾಲಿಯಾದರೂ ಹಲವು ಮಾದರಿಗಳಲ್ಲಿ ಇದೇ ಕತೆ. ಹಾಗಾಗಿ ಕೇಸ್‌ನ ಚಾರ್ಜ್ ಮೊದಲೇ ನೋಡಿಕೊಳ್ಳಿ.

ಟಾರ್ಚ್ ಹಾಕಿ ಕೇಸ್‌ನಲ್ಲಿ ಬಲಗಡೆಯ ಬಡ್ ಕೂರುವ ಗುಳಿಯೊಳಗೆ ನೋಡಿದೆ. ಎರಡು ಚಿನ್ನದ ಬಣ್ಣದ ಪಿನ್. ಒಂದು ನೆಟ್ಟಗೆ ನಿಂತಿದೆ. ಇನ್ನೊಂದು ಅರ್ಧಕ್ಕೇ ಕುಸಿದು ಕೂತಿದೆ, ಬುಡದ ಸುತ್ತ ಕಪ್ಪು ಉಂಗುರ. ಟೂತ್‌ಪಿಕ್‌ನಿಂದ ಒತ್ತಿದರೆ ಮರಳು ಸಿಕ್ಕಿದ ಹಾಗೆ ಗರಗರ ಎನ್ನುತ್ತಾ ಒಳಗೆ ಹೋಯಿತು, ಆಮೇಲೆ ವಾಪಸ್ ಬರಲಿಲ್ಲ. ಈ ಪಿನ್‌ಗಳ ಒಳಗೆ ಕೂದಲೆಳೆಯಂಥ ಸ್ಪ್ರಿಂಗ್ ಇರುತ್ತದೆ. ಮಂಗಳೂರಿನ ಸೆಕೆಯಲ್ಲಿ ಸಂಜೆ ವಾಕಿಂಗ್ ಮುಗಿಸಿ, ಬೆವರು ಒರೆಸದೆ ಬಡ್ ಒಳಗೆ ಹಾಕಿದರೆ ಆ ಉಪ್ಪುನೀರು ಹೋಗಿ ಸೇರುವುದು ಅಲ್ಲಿಗೇ. ಬಡ್‌ನ ಮೈಮೇಲೆ ಪಿನ್ ತಗುಲುವ ಚುಕ್ಕೆಗಳ ಮೇಲೂ ಕಂದು ಪೊರೆ ಕಟ್ಟಿತ್ತು. ಅದು ಕಿವಿಯ ಗುಗ್ಗೆ, ಹೇಳಲು ಸಂಕೋಚ ಏನಿಲ್ಲ.

ಕ್ಲೀನ್ ಮಾಡಲು ಮೊಬೈಲ್ ರಿಪೇರಿಯವರು ಬಳಸುವ ಐಪಿಎ, ಅಂದರೆ ಐಸೊಪ್ರೊಪೈಲ್ ಆಲ್ಕೊಹಾಲ್ ತಂದೆ. ಮನೆಯಲ್ಲಿರುವ ಸ್ಯಾನಿಟೈಸರ್ ಸಾಕಲ್ಲವಾ ಎಂದು ಕೇಳುತ್ತಾರೆ. ಸಾಲದು. ಅದರಲ್ಲಿ ಸಾಮಾನ್ಯವಾಗಿ ಗ್ಲಿಸರಿನ್ ಇರುತ್ತದೆ, ಒಣಗಿದ ಮೇಲೆ ಅಂಟು ಉಳಿಯುತ್ತದೆ. ಬಡ್‌ಗಳನ್ನು ಹೊರಗಿಟ್ಟು, ಚಾರ್ಜರ್ ಕೇಬಲ್ ತೆಗೆದು, ಹತ್ತಿಕಡ್ಡಿಯನ್ನು ಒದ್ದೆ ಮಾಡಿ ಹಿಂಡಿ ಒರೆಸಿದೆ. ಮೊದಲ ಕಡ್ಡಿ ಕಾಡಿಗೆ ಹಚ್ಚಿದಂತೆ ಕಪ್ಪಾಯಿತು. ಕುಸಿದ ಪಿನ್ನಿನ ತಲೆಗೆ ಒಂದೇ ಹನಿ ಬಿಟ್ಟು ಟೂತ್‌ಪಿಕ್‌ನಿಂದ ಒತ್ತುವುದು, ಬಿಡುವುದು, ಒತ್ತುವುದು, ಬಿಡುವುದು. ನಿಧಾನವಾಗಿ ಗರಗರ ನಿಂತಿತು. ಆಮೇಲೆ ಟಕ್ಕನೆ ಎದ್ದು ಪಕ್ಕದ ಪಿನ್ನಿನ ಸಮಕ್ಕೆ ನಿಂತಿತು. ಚೆನ್ನಾಗಿ ಒಣಗಲು ಬಿಟ್ಟು, ಆಮೇಲೇ ಬಡ್ ಹಾಕಿದೆ.

ಸೂಜಿ, ಸೇಫ್ಟಿ ಪಿನ್ ಮಾತ್ರ ಬೇಡ. ಎರಡೂ ಪಿನ್‌ಗೆ ಒಟ್ಟಿಗೆ ತಗುಲಿದರೆ ಶಾರ್ಟ್ ಆಗುತ್ತದೆ. ಸ್ಯಾಂಡ್‌ಪೇಪರ್ ಅಂತೂ ಬೇಡವೇ ಬೇಡ. ಮೇಲಿರುವ ಚಿನ್ನದ ಲೇಪ ತೀರಾ ತೆಳು. ಅದು ಹೋದರೆ ಒಳಗಿನ ಲೋಹ ಬೇಗ ತಿಂದುಹೋಗುತ್ತದೆ.

ಬಡ್ ಸರಿಹೋಯಿತು. ಆದರೆ ಕೇಸ್ ಇನ್ನೂ ಯಾಕೋ ಬೇಗ ಖಾಲಿಯಾಗುತ್ತಿತ್ತು. ಇದಕ್ಕೆ ಕಾರಣ ನೂರು ರೂಪಾಯಿಯ ಸಿಲಿಕೋನ್ ಕವರ್. ಮುಚ್ಚಳದಲ್ಲಿ ಒಂದು ಆಯಸ್ಕಾಂತ, ಕೆಳಗೆ ಅದನ್ನು ಗುರುತಿಸುವ ಹಾಲ್ ಸೆನ್ಸರ್ ಇರುತ್ತದೆ. ಮುಚ್ಚಳ ಪೂರ್ತಿ ಕೂತರೆ ಮಾತ್ರ ಕೇಸ್‌ಗೆ "ಮುಚ್ಚಿದೆ" ಎಂದು ಗೊತ್ತಾಗುತ್ತದೆ. ಕವರ್ ಮುಚ್ಚಳದ ಕೀಲಿನ ಹತ್ತಿರ ಮಡಚಿಕೊಂಡು ಮುಚ್ಚಳವನ್ನು ಒಂದು ಎಳೆ ಮೇಲೆ ಹಿಡಿದಿತ್ತು. ಕತ್ತಲಲ್ಲಿ ನೋಡಿದರೆ ಬಿರುಕಿನಿಂದ ಎಲ್‌ಇಡಿ ಬೆಳಕು ಇಣುಕುತ್ತಿತ್ತು. ಕವರ್ ಕಿತ್ತು ಬಿಸಾಡಿದೆ. ಕೇಸ್ ಗೀಚಿದರೆ ಗೀಚಲಿ.

ಈ ವಿಷಯ ಗೊತ್ತಾದ ಮೇಲೆ ಮನೆಯವರ ಬಡ್‌ಗಳೆಲ್ಲ ನನ್ನ ಮೇಜಿಗೆ ಬರತೊಡಗಿದವು. ಅತ್ತಿಗೆಯದರಲ್ಲಿ ಪಿನ್ ಎಲ್ಲ ಫಳಫಳ. ಆದರೆ ಕಿವಿಗೆ ಬಿಗಿಯಾಗಲಿ ಎಂದು ದೊಡ್ಡ ಫೋಮ್ ಟಿಪ್ ಹಾಕಿಸಿಕೊಂಡಿದ್ದರು. ಅದು ಗುಳಿಯ ತಳಕ್ಕೆ ಒತ್ತಿ ಬಡ್ಡನ್ನೇ ಮೇಲೆತ್ತುತ್ತಿತ್ತು. ಹಳೆಯ ಟಿಪ್ ಹಾಕಿದ್ದಕ್ಕೆ ಸರಿಯಾಯಿತು. ಅಣ್ಣನ ಮಗ ಕೇಸ್‌ಗೇ ಹಾಕುವುದಿಲ್ಲ, ಮೇಜಿನ ಮೇಲೆ ಬಿಡುತ್ತಾನೆ. ಫೋನ್ ಆಫ್ ಮಾಡಿದ್ದೇನೆ ಎನ್ನುತ್ತಾನೆ, ಆದರೆ ಲ್ಯಾಪ್‌ಟಾಪ್ ಹಿಡಿದುಕೊಂಡಿರುತ್ತದೆ. ಒಂದೇ ಸಲ ಎರಡು ಸಾಧನಕ್ಕೆ ಕನೆಕ್ಟ್ ಆಗುವ ಬಡ್‌ಗಳಲ್ಲಿ ಇದು ಮಾಮೂಲು. ಅವನಿಗೆ ರಿಪೇರಿ ಬೇಕಿಲ್ಲ, ಬೈಗುಳ ಸಾಕು.

ನಿಜವಾಗಿ ಬ್ಯಾಟರಿಯೇ ಹೋದದ್ದೂ ಒಂದು ಬಂತು. ಅದರ ಲಕ್ಷಣ ಬೇರೆ. ಹಾಡುತ್ತಿರುವಾಗಲೇ 40ರಿಂದ ನೇರ ಆಫ್. ಕೇಸ್‌ಗೆ ಹಾಕಿದ ಹತ್ತೇ ನಿಮಿಷಕ್ಕೆ 100. ಆಫ್ ಮಾಡಿ ಹೊರಗಿಟ್ಟರೂ ರಾತ್ರಿಯಲ್ಲಿ ಇಳಿಯುತ್ತದೆ. ಇದನ್ನು ನಾನು ಬಿಚ್ಚಲಿಲ್ಲ. ಹಲವು ಬಡ್‌ಗಳ ಒಳಗೆ ಗುಂಡಿಯಂಥ ಸ್ಟೀಲ್ ಸೆಲ್ ಇರುತ್ತದೆ. 1254 ಎಂದು ಬರೆದಿದ್ದರೆ ಅಗಲ 12 ಮಿಲಿಮೀಟರ್, ಎತ್ತರ 5.4. ಸಿಗುತ್ತದೆ, ಆದರೆ ಬಡ್‌ನ ಮೈ ಅಂಟಿನಿಂದ ಬೆಸೆದಿರುತ್ತದೆ, ಚಾಕು ಜಾರಿ ಸೆಲ್‌ಗೆ ತಗುಲಿದರೆ ಬೆಂಕಿ ಹೊತ್ತಬಹುದು. ಕೆಲವು ಕಂಪನಿಗಳು ಒಂದೇ ಬದಿಯ ಬಡ್ ಮಾರುತ್ತವೆ. ಹೊಸ ಸೆಟ್ಟಿಗೆ ದುಡ್ಡು ಕೊಡುವ ಮೊದಲು ಅದನ್ನು ಕೇಳಿ ನೋಡಿ. ಹಳೆಯದನ್ನು ಕಸದ ಬುಟ್ಟಿಗೆ ಹಾಕಬೇಡಿ, ಇ-ತ್ಯಾಜ್ಯ ತೆಗೆದುಕೊಳ್ಳುವ ಕಡೆ ಕೊಡಿ.

ನನ್ನ ಬಲಗಡೆಯ ಬಡ್ ಈಗ ಎಡಗಡೆಯದರ ಸಮಕ್ಕೆ ನಡೆಯುತ್ತಿದೆ. ವಾಕಿಂಗ್‌ನಿಂದ ಬಂದವನು ಬಡ್ಡನ್ನು ಬನಿಯನ್ ಬಟ್ಟೆಗೆ ಒರೆಸಿ, ಬೆವರಾರಿದ ಮೇಲೆ ಕೇಸ್‌ಗೆ ಹಾಕುತ್ತೇನೆ. ಐಪಿಎ ಬಾಟಲಿಯಲ್ಲಿ ಇನ್ನೂ ಮುಕ್ಕಾಲು ಉಳಿದಿದೆ.