ಮುಖದ ಸ್ಕ್ಯಾನಿಗೆ ಫೋನ್ ಸಾಕೇ?

ಮುಂಭಾಗದ ಹಲ್ಲುಗಳಿಗೆ ವಿನಿಯರ್ (ಹಲ್ಲಿನ ಮೇಲೆ ಅಂಟಿಸುವ ತೆಳು ಹೊದಿಕೆ) ಕೂರಿಸುವಾಗ ತುಟಿಯ ಅಂಚು, ಎರಡು ಕಣ್ಣುಗಳನ್ನು ಸೇರಿಸುವ ಗೆರೆ ಅದನ್ನು ತಯಾರಿಸುವ ಲ್ಯಾಬ್‌ನವರಿಗೂ ಕಾಣಬೇಕು, ಅದಕ್ಕೇ ಮುಖದ 3ಡಿ ಸ್ಕ್ಯಾನ್. ಮಂಗಳೂರಿನ ಕ್ಲಿನಿಕ್ಕಿನಲ್ಲಿ ನಾವು ಮೂರು ಬಗೆ ಹೋಲಿಸಿದೆವು: ಐಫೋನಿನ ಮುಂಬದಿಯಲ್ಲಿ ಆಳ ಅಳೆಯುವ ಟ್ರೂಡೆಪ್ತ್ ಕ್ಯಾಮೆರಾ, ಕೈಯಲ್ಲಿ ಹಿಡಿಯುವ ಸ್ಟ್ರಕ್ಚರ್ಡ್ ಲೈಟ್ ಸ್ಕ್ಯಾನರ್ (ಬೆಳಕಿನ ವಿನ್ಯಾಸ ಬೀಳಿಸಿ ಆಕಾರ ಅಳೆಯುವಂಥದ್ದು), ಒಂದೇ ಕ್ಯಾಮೆರಾದ ಫೋಟೊಗ್ರಾಮೆಟ್ರಿ (ಹಲವು ಕೋನದ ಫೋಟೊ ಕೂಡಿಸಿ 3ಡಿ ಆಕಾರ ಮಾಡುವುದು).

ಹಣೆ, ಕಣ್ಣುಗಳ ನಡುವಿನ ಮೂಗಿನ ಬುಡ, ಎರಡು ಕೆನ್ನೆ, ಗಲ್ಲ ಹೀಗೆ ಐದು ಕಡೆ ಚುಕ್ಕೆ ಸ್ಟಿಕ್ಕರ್ ಅಂಟಿಸಿ, ನಡುವಿನ ದೂರವನ್ನು ವರ್ನಿಯರ್ ಕ್ಯಾಲಿಪರಿನಲ್ಲೂ ಸ್ಕ್ಯಾನಿನಲ್ಲೂ ಅಳೆದೆವು. ವರ್ನಿಯರಿನ ತುದಿ ಕೆನ್ನೆಯನ್ನು ಒತ್ತಬಾರದು, ಒತ್ತಿದರೆ ಅಳತೆಯೇ ಸುಳ್ಳು. ವ್ಯತ್ಯಾಸ 2 ಮಿ.ಮೀ. ದಾಟಿದ ಸ್ಕ್ಯಾನ್ ನಾವು ಇಟ್ಟುಕೊಳ್ಳುವುದಿಲ್ಲ.

ಫೋಟೊಗ್ರಾಮೆಟ್ರಿ ಮೊದಲೇ ಬಿತ್ತು. ಇಪ್ಪತ್ತು ಮೂವತ್ತು ಫೋಟೊ ಮುಗಿಯುವ ತನಕ ಯಾರ ನಗುವೂ ಒಂದೇ ರೀತಿ ನಿಲ್ಲುವುದಿಲ್ಲ. ಎಲ್ಲ ಕೋನದಿಂದ ಒಟ್ಟಿಗೆ ಕ್ಲಿಕ್ಕಿಸುವ ಹಲವು ಕ್ಯಾಮೆರಾಗಳ ಸೆಟಪ್ಪಿಗೆ ಈ ತೊಂದರೆ ಇಲ್ಲ, ಆದರೆ ಅದಕ್ಕೆ ಜಾಗ, ದುಡ್ಡು ಎರಡೂ ಬೇಕು. ಕೈ ಸ್ಕ್ಯಾನರ್ ಚರ್ಮದ ಮಡಿಕೆಯನ್ನೂ ಹಿಡಿಯುತ್ತದೆ. ಅದರ ಬೆಳಕು ಮಿನುಗುವುದರಿಂದ ಅಪಸ್ಮಾರ ಇದೆಯೇ ಎಂದು ಕೇಳದೆ ಆನ್ ಮಾಡಬೇಡಿ. ಟ್ರೂಡೆಪ್ತ್ ಸುಮಾರು 30,000 ಇನ್‌ಫ್ರಾರೆಡ್ ಚುಕ್ಕೆ ಎಸೆಯುತ್ತದೆ. ಬಿಸಿಲಿನಲ್ಲೂ ಇನ್‌ಫ್ರಾರೆಡ್ ಇರುವುದರಿಂದ ಪಡುವಣ ಕಿಟಕಿಗೆ ಮಧ್ಯಾಹ್ನದ ಮೇಲೆ ಪರದೆ ಎಳೆಯಲೇಬೇಕು. ಕೆಲವು ಐಫೋನುಗಳ ಹಿಂಬದಿಯ ಲೈಡಾರ್ (ಲೇಸರಿನಿಂದ ದೂರ ಅಳೆಯುವ ಸೆನ್ಸರ್) ಕೋಣೆ ಅಳೆಯಲಿಕ್ಕೆ ಸರಿ, ಮುಖಕ್ಕೆ ಅಲ್ಲ.

ನಮ್ಮ ಸೆಕೆಗೆ ಮೂಗಿನ ತುದಿ ಬೆವತು ಹೊಳೆಯುತ್ತದೆ, ಅಲ್ಲಿ ಮೇಲ್ಮೈ ಗುಳಿಬೀಳುತ್ತದೆ, ಟಿಶ್ಯೂನಲ್ಲಿ ಒರೆಸಿ. ಮೂಗುತಿ, ಕನ್ನಡಕ ತೆಗೆಸಿ. ಕಪ್ಪು ಕೂದಲಿಗೆ ಹೇರ್‌ಬ್ಯಾಂಡ್.

ನಗುವಿನ ವಿನ್ಯಾಸದ ಮಟ್ಟಿಗೆ ಫೋನ್ ಸಾಕು. ಕೆಲಸ ಕೆಡುವುದು ಮುಖದ ಸ್ಕ್ಯಾನನ್ನು ಹಲ್ಲಿನ ಸ್ಕ್ಯಾನಿಗೆ ಜೋಡಿಸುವಲ್ಲಿ. ಹಲ್ಲು ಒದ್ದೆ, ಅರೆಪಾರದರ್ಶಕ. ಮುಖದ ಸ್ಕ್ಯಾನಿನಲ್ಲಿ ಅದು ಮೇಣದ ಹಾಗೆ ಕರಗಿ ಕಾಣುತ್ತದೆ. ಹಾಗಾಗಿ ನಗುವಿನದ್ದೊಂದು, ರಿಟ್ರ್ಯಾಕ್ಟರ್ (ತುಟಿಗಳನ್ನು ಸರಿಸಿ ಹಿಡಿಯುವ ಸಾಧನ) ಹಾಕಿ ಇನ್ನೊಂದು ಸ್ಕ್ಯಾನ್. ಎರಡನ್ನೂ ಹಣೆ, ಮೂಗಿನ ಬುಡದ ಮೇಲೆ ಕೂಡಿಸಿ. ನಗುವಾಗ ಕೆನ್ನೆ ಏರುತ್ತದೆ, ಅದನ್ನು ನಂಬಬೇಡಿ. ಆಮೇಲೆ ರಿಟ್ರ್ಯಾಕ್ಟರಿನ ಸ್ಕ್ಯಾನಿಗೆ ಬಾಯಿಯೊಳಗಿನ ಸ್ಕ್ಯಾನ್ ಸೇರಿಸಿ. ಎದುರಿನ ಎರಡೇ ಹಲ್ಲಿನ ಮೇಲೆ ಜೋಡಣೆಯ ಬಿಂದು ಇಟ್ಟರೆ ಹಲ್ಲಿನ ಸಾಲಿನ ಕಮಾನು ಓಲುತ್ತದೆ. ಕೋರೆಹಲ್ಲುಗಳ ಮೇಲೂ ಇಡಿ. ಕೋರೆಯಿಂದ ಕೋರೆಗೆ 35 ಮಿ.ಮೀ. ಇದ್ದರೆ 1 ಡಿಗ್ರಿ ಓಲಿದರೂ ಒಂದು ಬದಿ 0.6 ಮಿ.ಮೀ. ಕೆಳಗೆ. ಕನ್ನಡಿ ನೋಡಿದ ಪೇಶಂಟ್ ಮೊದಲು ಹಿಡಿಯುವುದೇ ಅದನ್ನು.

ಲ್ಯಾಬಿಗೆ ಮುಖದ ಆಕಾರ ಇರುವ ಒಬಿಜೆ ಫೈಲೊಂದನ್ನೇ ವಾಟ್ಸಾಪ್ ಮಾಡಿದರೆ ಬಣ್ಣ ಹೋಗಿ ಪ್ಲಾಸ್ಟರಿನ ಮುಖ ತಲುಪುತ್ತದೆ, ತುಟಿಯ ಅಂಚು ಎಲ್ಲಿ ಎಂದೇ ಗೊತ್ತಾಗುವುದಿಲ್ಲ. ಜೊತೆಗಿರುವ, ಬಣ್ಣದ ಮಾಹಿತಿಯ ಎಂಟಿಎಲ್, ಜೆಪಿಜಿ ಫೈಲುಗಳನ್ನೂ ಸೇರಿಸಿ ಜಿಪ್ ಮಾಡಿ ಕಳಿಸಿ.