ಇಂಗ್ಲಿಷ್ ಅಡ್ಡಹೆಸರಿನ ಮೂಲ ಹುಡುಕುವುದು ಹೇಗೆ? ವಾಷಿಂಗ್ಟನ್ ಉದಾಹರಣೆ

ಮೊದಲು ಹೆಸರಿನ ಕೊನೆ ನೋಡಿ. ಟನ್, ಹ್ಯಾಮ್, ಲಿ, ಬಿ, ಥಾರ್ಪ್ ಎಂದು ಮುಗಿಯುವ ಇಂಗ್ಲಿಷ್ ಅಡ್ಡಹೆಸರುಗಳು ಬಹುಮಟ್ಟಿಗೆ ಊರಿನಿಂದ ಬಂದವು. ನಮ್ಮ ಧಾರವಾಡಕರ, ಬೆಳಗಾಂವಕರ ಇದ್ದ ಹಾಗೆ. ಊರಲ್ಲೇ ಇದ್ದವರನ್ನು ಊರ ಹೆಸರಿನಿಂದ ಗುರುತಿಸಿ ಪ್ರಯೋಜನವಿಲ್ಲ, ಎಲ್ಲರೂ ಆ ಊರಿನವರೇ. ಹೆಸರು ಅಂಟಿದ್ದು ಊರು ಬಿಟ್ಟವರಿಗೆ, ಇಲ್ಲವೇ ಅಲ್ಲಿನ ಜಮೀನಿನ ಒಡೆಯರಿಗೆ. ಹಾಗಾಗಿ ಅಕ್ಕಪಕ್ಕದ ಜಿಲ್ಲೆಗಳ ದಾಖಲೆಗಳನ್ನೂ ತೆಗೆಯಬೇಕು.

ಆಮೇಲೆ ಅದೇ ಹೆಸರಿನ ಊರುಗಳನ್ನೆಲ್ಲ ಪಟ್ಟಿ ಮಾಡಿ, ಪ್ರತಿ ಊರು ದಾಖಲೆಯಲ್ಲಿ ಮೊದಲು ಕಾಣುವ ವರ್ಷವನ್ನು ಎದುರಿಗೆ ಬರೆಯಿರಿ. ಇಂಗ್ಲೆಂಡಿನಲ್ಲಿ ವಾಷಿಂಗ್ಟನ್ ಎರಡಿವೆ. ದಕ್ಷಿಣದ ಸಸೆಕ್ಸ್‌ನದು 1086ರ ಡೂಮ್ಸ್‌ಡೇ ಪುಸ್ತಕದಲ್ಲಿ, ಅಂದರೆ ರಾಜ ಮಾಡಿಸಿದ ಜಮೀನಿನ ಸರ್ವೆಯಲ್ಲಿ, ಸಿಗುತ್ತದೆ. ಉತ್ತರದ ಡರ್ಹಮ್‌ನದು ಸಿಗುವುದಿಲ್ಲ, ಏಕೆಂದರೆ ಆ ಸರ್ವೆ ಡರ್ಹಮ್ ಪ್ರಾಂತ್ಯವನ್ನು ಮುಟ್ಟಲೇ ಇಲ್ಲ. ಹೆಚ್ಚಿನವರು ಎಡವುವುದು ಇಲ್ಲೇ: ಪುಸ್ತಕದಲ್ಲಿರುವ ಊರೇ ಮೂಲವೆಂದು ತೀರ್ಮಾನಿಸಿಬಿಡುತ್ತಾರೆ. ಡರ್ಹಮ್‌ಗೆ ನೋಡಬೇಕಾದದ್ದು ಅಲ್ಲಿನ ಬಿಷಪ್ಪರ ಜಮೀನಿನ ಲೆಕ್ಕವಾದ 1183ರ ಬೋಲ್ಡನ್ ಪುಸ್ತಕ. ಹರ್ಟ್‌ಬರ್ನ್‌ನ ವಿಲಿಯಂ ತನ್ನ ಹಳ್ಳಿ ಬಿಟ್ಟುಕೊಟ್ಟು ವಾಷಿಂಗ್ಟನ್ ಪಡೆದದ್ದು ಅದರಲ್ಲಿದೆ. ಮುಂದೆ ಅವನ ಮನೆತನಕ್ಕೆ ಆ ಊರಿನ ಹೆಸರೇ ನಿಂತಿತು. ಜಾರ್ಜ್ ವಾಷಿಂಗ್ಟನ್ನರ ವಂಶವನ್ನು ಗುರುತಿಸುವುದು ಈ ಎಳೆಯಿಂದಲೇ.

ಹಳೆಯ ಬರಹದಲ್ಲಿ ವೆಸಿಂಗ್ಟನ್ ಎಂಬಂಥ ರೂಪಗಳೂ ಬರುತ್ತವೆ. ಇಂದಿನ ಕಾಗುಣಿತವೊಂದನ್ನೇ ಹುಡುಕಿದರೆ ಅವು ತಪ್ಪಿಹೋಗುತ್ತವೆ. ಗಡಿಯೂ ಬದಲಾಗಿದೆ: 1974ರಲ್ಲಿ ಡರ್ಹಮ್‌ನ ವಾಷಿಂಗ್ಟನ್ ಟೈನ್ ಅಂಡ್ ವೇರ್ ಎಂಬ ಹೊಸ ಜಿಲ್ಲೆಗೆ ಸೇರಿತು, ಹಳೆಯ ಕಾಗದಪತ್ರಕ್ಕೆ ಡರ್ಹಮ್ ಎಂದೇ ಹುಡುಕಿ.

ನಿಮ್ಮದೇ ಕುಟುಂಬದ ಕೊಂಡಿಯನ್ನು ಇಂದಿನಿಂದ ಹಿಂದಕ್ಕೆ ಕಟ್ಟುತ್ತ ಹೋಗಿ. ಇಂಗ್ಲೆಂಡಿನ ಸರ್ಕಾರಿ ಜನನ–ಮರಣ ನೋಂದಣಿ 1837ರವರೆಗೆ ಒಯ್ಯುತ್ತದೆ. ಅದರಾಚೆಗೆ 1538ರಿಂದ ಶುರುವಾದ ಚರ್ಚ್ ರಿಜಿಸ್ಟರ್‌ಗಳಿವೆ, ಎಲ್ಲ ಕಡೆ ಉಳಿದಿಲ್ಲ. 1881ರ ಜನಗಣತಿಯಲ್ಲಿ ಹೆಸರು ಎಲ್ಲಿ ದಟ್ಟವಾಗಿದೆ ನೋಡಿದರೆ ಯಾವ ಜಿಲ್ಲೆಯಿಂದ ಆರಂಭಿಸಬೇಕೆಂದು ಗೊತ್ತಾಗುತ್ತದೆ.

ಹೆಸರು ಒಂದೇ ಆದ ಮಾತ್ರಕ್ಕೆ ರಕ್ತಸಂಬಂಧ ಹೇಳಬೇಡಿ. ಅಮೆರಿಕದಲ್ಲಿ ಗುಲಾಮಗಿರಿಯಿಂದ ಬಿಡುಗಡೆಯಾದ ಎಷ್ಟೋ ಜನ ಈ ಹೆಸರನ್ನು ತಾವೇ ಇಟ್ಟುಕೊಂಡರು, ಕಪ್ಪು ಜನರ ಶಿಕ್ಷಣಕ್ಕೆ ದುಡಿದ ಬುಕರ್ ಟಿ. ವಾಷಿಂಗ್ಟನ್ ಅವರಲ್ಲೊಬ್ಬರು.

ದಿಕ್ಕನ್ನೂ ಪರೀಕ್ಷಿಸಿ: ಊರಿನಿಂದ ಮನುಷ್ಯನಿಗೋ, ಮನುಷ್ಯನಿಂದ ಊರಿಗೋ? ಅಮೆರಿಕದ ರಾಜಧಾನಿಗೆ 1791ರಲ್ಲಿ ಹೆಸರು ಬಂದದ್ದು ವ್ಯಕ್ತಿಯಿಂದ. ನಮ್ಮ ಬೆಂಗಳೂರಿನ ವೈಟ್‌ಫೀಲ್ಡ್ ಕೂಡ ಹಾಗೆಯೇ, ಆಂಗ್ಲೋ-ಇಂಡಿಯನ್ನರ ಮುಖಂಡ ಡಿ. ಎಸ್. ವೈಟ್ ಹೆಸರಿನಿಂದ ಬಂದದ್ದು. ಇಂಗ್ಲೆಂಡಿನ ವಿಟ್‌ಫೀಲ್ಡ್‌ಗಳು ಬಯಲಿನ ಬಣ್ಣದಿಂದ ಹೆಸರು ಪಡೆದವು. ಎರಡನ್ನೂ ಒಂದೇ ಪಟ್ಟಿಗೆ ಸೇರಿಸಬೇಡಿ.